ದೀಪಾವಳಿ ಸೀಜನ್ನೂ ಎದುರು ಮನೆಯ ಖಾಲಾನೂ

ಕಳೆದ ವಾರ ಅಮೀನಗಡದ ಕಡೆಯ ವ್ಯಾಪಾರಿಯೊಬ್ಬರು ಸೀರೆ ಒಯ್ಯಲು ಬಂದವರು ಅಂಗಡಿಯಲ್ಲಿ ಕರದಂಟಿನ ಡಬ್ಬಿಯೊಂದನ್ನು ಇಟ್ಟು ಹೋದರು. ಮುಚ್ಚಳ ತೆಗೆದೆ. ತುಪ್ಪ, ಬೆಲ್ಲ, ಜಾಜಿಕಾಯಿ, ಹುರಿದ ಅಂಟು... ಆ ವಾಸನೆ ಮೂಗಿಗೆ ಬಡಿಯುತ್ತಲೇ ಹಳೆಯ ಮಾತೊಂದು ಕಿವಿಯಲ್ಲಿ ಕೇಳಿಸಿದಂತಾಯಿತು. "ಏ ಯವ್ವಾ, ಎಷ್ಟನೇ ಬಾಣಂತನ ಇದು?"

ಹಾಗೆ ಕೇಳಿದವರು ನಮ್ಮ ಎದುರು ಮನೆಯ ಖಾಲಾ. ಇಳಕಲ್ಲಿನ ನಮ್ಮ ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕವ್ವ. ವಯಸ್ಸಿನಲ್ಲಿದ್ದಾಗ ನೇಕಾರರ ಮನೆಗಳಿಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದರಂತೆ. ನಾನು ಕಂಡಾಗ ಮನೆ ತುಂಬ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಅವರ ಕೆಲಸವೆಂದರೆ ಬಾಗಿಲ ಕಟ್ಟೆಯ ಮೇಲೆ ಕುಳಿತು ಓಣಿಯನ್ನು ಆಳುವುದು.

ನಾನು ಆಗ ಹೊಸದಾಗಿ ಅಂಗಡಿ ಹಾಕಿದ್ದೆ. ಅದಕ್ಕೂ ಮೊದಲು ಸೀರೆಗಂಟು ಹೊತ್ತು ಕೆರೂರ ಸಂತೆಗೆ, ಬಾಗಲಕೋಟೆಯ ಮನೆಮನೆಗೆ ಬಸ್ಸಿನಲ್ಲಿ ತಿರುಗಿದವಳು. ಯಾರ ಕೈಯಿಂದಲೂ ಕಲಿಯಲಿಲ್ಲ, ಗಿರಾಕಿಯ ಮುಖ ನೋಡಿಯೇ ಕಲಿತೆ. ಮನೆಯವರಿಗೆ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗಳು ಐದನೆಯ ಇಯತ್ತೆ, ಮಗ ಎರಡನೆಯದು. ದಸರೆಯಿಂದ ದೀಪಾವಳಿಯವರೆಗೆ ನಮ್ಮ ವ್ಯಾಪಾರದ ಜೀವ. ಆ ದಿನಗಳಲ್ಲಿ ಮಳೆ ಹಿಂದೆ ಸರಿದು, ಬೆಳಗಿನ ಗಾಳಿಗೆ ಸ್ವಲ್ಪ ತಂಪು ಬಂದು, ಹೊಲಕ್ಕೆಲ್ಲ ಬಣ್ಣ ಬಂದಿರುತ್ತದೆ ಎಂದು ಜನ ಹೇಳುತ್ತಿದ್ದರು. ನನಗೆ ಕಾಣುತ್ತಿದ್ದ ಬಣ್ಣವೆಲ್ಲ ಸೆರಗಿನ ಕೆಂಪು ಒಂದೇ.

ಆ ವರ್ಷ ಒಂದು ಜಾಣತನ ಮಾಡಿದೆ. ಮದುವೆ ಜವಳಿ ಒಯ್ಯುವವರಿಗೆ ಒಂದೊಂದು ಡಬ್ಬಿ ಕರದಂಟು ಉಡುಗೊರೆ ಎಂದು ಇಟ್ಟೆ. ಅಮೀನಗಡಕ್ಕೇ ಹೋಗಿ ಜಗ್ಗಾಡಿ ಸಗಟಿನಲ್ಲಿ ತಂದಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿಗಳ ಗೋಡೆಯೇ ಎದ್ದಿತು. ಊಟಕ್ಕೆ ಮನೆಗೆ ಹೋಗುವ ಹೊತ್ತಿಗೆ ಸರಿಯಾಗಿ ಗಿರಾಕಿ ಬರುತ್ತಿದ್ದರು. ನಾನು ಎರಡು ತುಂಡು ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದೆ. ಮಕ್ಕಳು ಶಾಲೆಯಿಂದ ಬಂದರೆ ಅವರಿಗೂ ಅದೇ. ಗೋಡಂಬಿ ಇದೆ, ಉತ್ತತ್ತಿ ಇದೆ, ಅಂಟು ಇದೆ, ಬಾಣಂತಿಯರಿಗೇ ಕೊಡುವ ಪದಾರ್ಥ, ಇದಕ್ಕಿಂತ ಪೌಷ್ಟಿಕ ಏನಿದೆ ಎಂದು ನನ್ನ ಲೆಕ್ಕ. ಖಾಲಾ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಬಾಯಿ ತುಂಬಿಕೊಂಡು ಸೀರೆ ಮಡಚುತ್ತಿದ್ದ ನನ್ನನ್ನು ಕಂಡು ಕೇಳಿದ್ದೇ ಆ ಬಾಣಂತನದ ಮಾತು. ಗಿರಾಕಿಗಳೆಲ್ಲ ನಕ್ಕರು. ನಾನೂ ನಕ್ಕೆ.

ದಸರೆಯ ಮುಂಚೆ ಒಂದು ದಿನ ಕಪಾಟಿನಿಂದ ಸೀರೆ ಇಳಿಸುವಾಗ ಕಣ್ಣು ಕತ್ತಲೆ ಬಂದು ಕುಸಿದು ಕೂತೆ. ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡಿದ ಡಾಕ್ಟರು ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದೆ ಎಂದು ಮಾತ್ರೆ ಬರೆಯಲು ಹೊರಟರು. ನಾನು ಅಲ್ಲಿಯೂ ಸುಮ್ಮನಿರಲಿಲ್ಲ.

"ಡಾಕ್ಟರ್ರೀ, ಮಾತ್ರಿ ಈಗ ಬ್ಯಾಡ್ರಿ. ದೀಪಾವಳಿ ದಾಟೂತನಕ ಟೈಮ್ ಕೊಡ್ರಿ."

"ಇದೇನು ಸೀರಿ ವ್ಯಾಪಾರ ಅಂತ ತಿಳದೀರೇನು?" ಎಂದು ಅವರು ನಕ್ಕರು. ಆಮೇಲೆ ರಿಪೋರ್ಟನ್ನು ಮತ್ತೊಮ್ಮೆ ನೋಡಿ, "ಕೊಡ್ತೇನಿ. ಆದ್ರ ದಿನಾ ನಡೀಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಇಳೀಲಿಲ್ಲಂದ್ರ ಆಮ್ಯಾಲ ಜಗ್ಗಾಡಬ್ಯಾಡ್ರಿ" ಎಂದರು. ಇದನ್ನು ಓದಿದವರು ನನ್ನ ಹಾಗೆ ಮಾಡಬೇಡಿ. ನನಗೆ ಅಂಚಿನಲ್ಲಿತ್ತು, ಅವರು ಒಪ್ಪಿದರು. ನಿಮ್ಮ ಡಾಕ್ಟರು ನುಂಗಿ ಎಂದರೆ ನುಂಗಿ.

ಸಂಜೆ ಸುದ್ದಿ ಖಾಲಾ ಅವರಿಗೆ ಮುಟ್ಟಿತು. ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದರು, ಯಾವಾಗಿನಿಂದ ನಡೆಯುತ್ತೀ ಎಂದು.

"ಸೀಜನ್ ಮುಗೀಲಿ ಖಾಲಾ."

"ಇದು ಮುಗಿದ ಮ್ಯಾಲ ಲಗ್ನದ ಸೀಜನ್. ಅದು ಮುಗಿದ ಮ್ಯಾಲ ಉಗಾದಿ. ನಿನಗ ಸಾಯಾಕರ ಸೀಜನ್ ಐತೋ ಇಲ್ಲೋ?"

ಅವರೇ ಮುಂದೆ ವ್ಯಾಪಾರಕ್ಕೆ ಇಳಿದರು. ಶಾಲೆ ಬಿಟ್ಟ ಮೇಲೆ ನಾನು ಅಂಗಡಿ ಮುಚ್ಚುವವರೆಗೆ ಎರಡೂ ಮಕ್ಕಳು ಅವರ ಮನೆಯಲ್ಲಿರಬೇಕು, ಅಲ್ಲೇ ಉಣ್ಣಬೇಕು. ಬದಲಿಗೆ ನಾನು ಬೆಳಗ್ಗೆ ಎದ್ದು ಅವರ ಜತೆ ನಡೆಯಬೇಕು. ಅವರಿಗೂ ಡಾಕ್ಟರು ನಡೆಯಲು ಹೇಳಿದ್ದರು, ಕಾಲು ಊದುತ್ತಿದ್ದವು. ಸೊಸೆಯಂದಿರಿಗೆ ಬೆಳಗಿನ ಗಡಿಬಿಡಿ, ಜತೆಗೆ ಯಾರೂ ಇರಲಿಲ್ಲ.

"ವಾರದಾಗ ಮೂರು ದಿನ ಬರ್ತೇನ್ರಿ" ಎಂದೆ.

"ಏಳೂ ದಿನ."

"ಐದು ಮಾಡೂಣ್ರಿ ಖಾಲಾ, ನಿಮ್ದೂ ಬ್ಯಾಡ ನಂದೂ ಬ್ಯಾಡ."

"ಆತು ತಗೋ. ಐದು ದಿನ ನಿನ್ನ ಮಕ್ಕಳಿಗೆ ಊಟ, ಎರಡು ದಿನ ರೋಜಾ ಉಪಾಸ."

ನನ್ನ ಜೀವಮಾನದಲ್ಲಿ ಅಷ್ಟು ಬೇಗ ಸೋತ ಚೌಕಾಶಿ ಇನ್ನೊಂದಿಲ್ಲ.

ಮರುದಿನ ಬೆಳಕು ಹರಿಯುವ ಮುಂಚೆ ಬಾಗಿಲ ಮುಂದೆ ನಿಂತು ಕೂಗಿದರು. ಹುನಗುಂದ ರಸ್ತೆ ಹಿಡಿದು ನಡೆದೆವು. ಊರು ದಾಟಿದ ಮೇಲೆ ಹಳ್ಳದ ಸೇತುವೆ, ಅದರಾಚೆ ಎರೆಹೊಲಗಳು, ಇನ್ನೂ ಮುಂದೆ ಒಂದು ಹುಣಸೆಮರ. ಮೊದಲ ವಾರ ಮರದವರೆಗೂ ಜತೆಗೇ ಬಂದರು. ಎರಡನೆಯ ವಾರ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ನೀ ಹೋಗಿ ಬಾ, ನಾ ಇಲ್ಲೇ ಕುಂತಿರ್ತೇನಿ. ಬರೂಮುಂದ ಬದುವಿನ ಮ್ಯಾಲಿಂದು ಏನರ ಒಂದು ತಗೊಂಡು ಬಾ. ಇಲ್ಲಂದ್ರ ನೀ ಮುಂದಿನ ತಿರುವಿನಾಗ ನಿಂತು ಮೊಬೈಲ್ ನೋಡಿ ಬರಾಕಿ."

ವ್ಯಾಪಾರಿಯನ್ನು ವ್ಯಾಪಾರಿಯಂತೆಯೇ ನೋಡಿದರು, ತಪ್ಪೇನಿಲ್ಲ. ಹೀಗೆ ನಾನು ದಿನವೂ ಏನಾದರೊಂದು ತರತೊಡಗಿದೆ. ಗುರೆಳ್ಳಿನ ಹಳದಿ ಹೂ, ತೊಗರಿ ಹೂ, ಕೊಯ್ದ ಹೊಲದಲ್ಲಿ ಬಿದ್ದ ಸಜ್ಜೆಯ ತೆನೆ. ಒಂದು ದಿನ ಹೊತ್ತಾಯಿತೆಂದು ಅರ್ಧಕ್ಕೆ ಹೊರಳಿ, ರಸ್ತೆ ಬದಿಯ ಗೂಡಂಗಡಿಯ ಚಪ್ಪರದ ಕೆಳಗಿದ್ದ ತೊಗರಿ ಗಿಡದ ಹೂ ಕಿತ್ತು ತಂದೆ. ಖಾಲಾ ಬೆರಳಿನಿಂದ ಮುಟ್ಟಿ ನೋಡಿದರು. "ಊರ ಹೊಲಕ್ಕೆಲ್ಲ ಇಬ್ಬನಿ ಬಿದ್ದೈತಿ. ಇದೊಂದು ಹೂವು ಛತ್ರಿ ಹಿಡಕೊಂಡು ನಿಂತಿತ್ತೇನು?" ಎಂದು ನನ್ನನ್ನು ತಿರುಗಿ ಕಳಿಸಿದರು.

ತಂದ ಹೂವನ್ನು ಮಗಳು ಗ್ಲಾಸಿನ ನೀರಿನಲ್ಲಿ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಡುತ್ತಿದ್ದಳು. ಮಗ ಬಾಗಿಲಲ್ಲೇ ನಿಂತು, "ಇವತ್ತೇನು ತಂದಿ?" ಎಂದು ಕೇಳುತ್ತಿದ್ದ. ದಿನಕ್ಕೆ ಅಷ್ಟು ಹೊತ್ತು ನಾವು ಮೂವರೂ ಒಂದೇ ವಸ್ತುವನ್ನು ನೋಡುತ್ತ ನಿಲ್ಲುತ್ತಿದ್ದೆವು... ಅದಕ್ಕೂ ಮುಂಚೆ ಹಾಗೆ ನಿಂತದ್ದು ನೆನಪಿಲ್ಲ. ಮಕ್ಕಳೂ ಖಾಲಾ ಅವರ ಮನೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯದ ಪಚಡಿ ತಿಂದು ದಾರಿಗೆ ಬಂದರು. ಸೊಳ್ಳೆ ಆಗದಂತೆ ವಾರಕ್ಕೊಮ್ಮೆ ನೀರಿನ ಡ್ರಮ್ಮು ಚೆಲ್ಲಿ ತಿಕ್ಕುವ ಕೆಲಸವನ್ನು ಖಾಲಾ ಮಕ್ಕಳಿಗೇ ಹಚ್ಚಿದ್ದರು. ಆ ವರ್ಷ ಓಣಿಯಲ್ಲಿ ಜ್ವರ ತಿರುಗಿತು, ನಮ್ಮ ಎರಡು ಮನೆಗೆ ಬರಲಿಲ್ಲ. ಮಕ್ಕಳಿದ್ದವರು ಇದೊಂದನ್ನು ಮಾಡಿ. ಖರ್ಚಿಲ್ಲದ ಕೆಲಸ.

ಹೀಗೆ ನಡೆದಿರುವಾಗ ಶೀಗಿ ಹುಣ್ಣಿಮೆ ಬಂತು. ಹಿಂಗಾರಿ ಪೈರು ಎದ್ದು ನಿಂತಾಗ ಭೂತಾಯಿಗೆ ಬಯಕೆ ಎಂದು ತರತರದ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಹೊಲದ ಸುತ್ತ ಅನ್ನದ ಚರಗ ಚೆಲ್ಲಿ, ಅಲ್ಲೇ ಉಂಡು ಬರುವ ಹಬ್ಬ. ಖಾಲಾ ಅವರ ಹಿರಿಯ ಮಗ ಹೊಲ ಮಾಡುತ್ತಿದ್ದ. ನಮ್ಮ ಕಡೆ ಹೊಲ ಮಾಡುವವರು ಯಾರೇ ಇರಲಿ, ಚರಗ ಬಿಡುವುದಿಲ್ಲ. ನನ್ನನ್ನೂ ಮಕ್ಕಳನ್ನೂ ಕರೆದರು. ಅದೇ ದಿನ ಕೆರೂರಿನಿಂದ ದೊಡ್ಡ ಮದುವೆ ಜವಳಿಯವರು ಬರುವುದಿತ್ತು.

"ಮಕ್ಕಳನ್ನ ಕರಕೊಂಡು ಹೋಗ್ರಿ ಖಾಲಾ. ನಾ ಮುಂದಿನ ವರ್ಷ ಬರ್ತೇನಿ."

ಅವರು ನನ್ನ ಮುಖವನ್ನೇ ನೋಡಿದರು. "ಮುಂದಿನ ವರ್ಷದ್ದು ನೀ ಹ್ಯಾಂಗ ಹೇಳ್ತಿ? ನಾ ಅಂತೂ ಹೇಳಂಗಿಲ್ಲ." ದನಿಯಲ್ಲಿ ಬೈಗುಳ ಇರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಮದುವೆಯವರಿಗೆ ಫೋನು ಮಾಡಿ ಸಂಜೆ ಬರಲು ಹೇಳಿ, ಅಂಗಡಿಗೆ ಕೀಲಿ ಹಾಕಿ ನಡೆದೆ.

ಹೊಲದಲ್ಲಿ ಜೋಳ ಮೊಳಕಾಲುದ್ದ ಎದ್ದಿತ್ತು. ಬನ್ನಿಗಿಡದ ಕೆಳಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಹರಡಿದ್ದವು. ಬಡಿಸುವ ಹೊತ್ತಿಗೆ ಬದುವಿನಾಚೆ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ನನ್ನ ಮದುವೆಯವರು! ಫೋನು ಬರುವ ಹೊತ್ತಿಗೆ ಅವರು ಬಾಗಲಕೋಟೆ ದಾಟಿ ಬಂದಾಗಿತ್ತಂತೆ, ನನಗೆ ಹೇಳಿರಲಿಲ್ಲ. ಓಣಿಯಲ್ಲಿ ಕೇಳಿದರೆ ಖಾಲಾ ಅವರ ಸೊಸೆ, "ಅಂಗಡಿಯಾಕಿ ಹೊಲದಾಗ ಅದಾಳ, ನೀವೂ ಹೋಗ್ರಿ, ಊಟದ ಹೊತ್ತಾತು" ಎಂದು ದಾರಿ ತೋರಿಸಿದ್ದಳು. ನನಗೆ ನಾಚಿಕೆಯಾಯಿತು. ಖಾಲಾ ಮಾತ್ರ ಬೀಗರನ್ನು ಕರೆದಂತೆ ಕರೆದರು. "ಬರ್ರಿ ಬರ್ರಿ. ಸೀರಿ ಎಲ್ಲಿ ಓಡಿ ಹೋಗ್ತಾವು? ಮೊದಲ ಉಣ್ರಿ."

ಉಂಡರು. ಮದುಮಗಳ ಅಜ್ಜಿ ಎರಡು ಸಲ ಪುಂಡಿಪಲ್ಯ ಹಾಕಿಸಿಕೊಂಡರು. ಸಂಜೆ ಅಂಗಡಿಯಲ್ಲಿ ಆ ಜನ ಜಗ್ಗಾಡಿದ್ದು ಬಹಳ ಕಡಿಮೆ. ಹೊಟ್ಟೆ ತುಂಬಿದ ಗಿರಾಕಿಯ ಬಾಯಿ ಮೆತ್ತಗಿರುತ್ತದೆ. ವ್ಯಾಪಾರ ಮಾಡುವವರು ತಿಳಿದಿರಲಿ.

ಆದರೆ ಆ ದಿನದ್ದು ನನಗೆ ಹೆಚ್ಚು ನೆನಪಿರುವುದು ಊಟಕ್ಕಿಂತ ಮುಂಚಿನದು. ಚರಗದ ಬುಟ್ಟಿ ಹೊತ್ತು ಹೊಲ ಸುತ್ತುವುದು ಪ್ರತಿವರ್ಷ ಖಾಲಾ ಅವರದೇ ಕೆಲಸವಂತೆ. ಅಂದು ಅವರು ಎದ್ದು ನಾಲ್ಕು ಹೆಜ್ಜೆ ಇಟ್ಟು, ಗಿಡ ಹಿಡಿದು ನಿಂತರು. ಕಾಲು ಚಪ್ಪಲಿಯ ಪಟ್ಟಿಯ ಹೊರಗೆ ಉಬ್ಬಿ ಬಂದಿದ್ದವು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ನನ್ನ ಪಾಲಿಂದೂ ನೀನೇ ನಡದು ಬಾ" ಎಂದರು. ಅವರ ಮಗ ಮುಂದೆ ನೀರು ಚಿಮುಕಿಸುತ್ತ, "ಹುಲಿಗ್ಯೋ... ಹುಲಿಗ್ಯೋ..." ಎಂದು ಕೂಗುತ್ತ ಹೋದ. ಮಕ್ಕಳು ಕಿರುಚುತ್ತ ಬೆನ್ನು ಹತ್ತಿದರು. ನಾನು ಹೊಲದ ನಾಲ್ಕೂ ಬದುವಿಗೆ ಅನ್ನ ಚೆಲ್ಲಿ ಬಂದೆ. ಎಲ್ಲಿಯೂ ದಮ್ಮು ಹತ್ತಲಿಲ್ಲ. ದಸರೆಗೆ ಮುಂಚೆ ಕಪಾಟಿನ ಮುಂದೆ ಕುಸಿದವಳು ನಾನೇ ಹೌದೋ ಅಲ್ಲವೋ ಅನಿಸಿತು. ಅವರ ಕಾಲು ಸೋಲುತ್ತ ಹೋದ ಹಾಗೆ ನನ್ನ ಕಾಲು ಗಟ್ಟಿಯಾಗುತ್ತ ಬಂದದ್ದು ಅಂದೇ ಕಣ್ಣಿಗೆ ಬಿತ್ತು...

ದೀಪಾವಳಿ ಮುಗಿದ ಮೇಲೆ ಮತ್ತೆ ರಕ್ತ ಕೊಟ್ಟೆ. ಇಳಿದಿತ್ತು. ಸದ್ಯಕ್ಕೆ ಮಾತ್ರೆ ಬೇಡ, ನಡಿಗೆ ಬಿಡಬೇಡಿ ಎಂದರು ಡಾಕ್ಟರು. ಪೇಢೆ ತರುವ ಹಾಗಿಲ್ಲವಲ್ಲ, ಪೇರಲಹಣ್ಣು ಕೊಂಡು ನೇರ ಖಾಲಾ ಅವರ ಕಟ್ಟೆಗೆ ಹೋದೆ.

"ಗೆದ್ದೆ ನೋಡ್ರಿ ಖಾಲಾ!"

ಅವರಿಗೆ ಬಹಳ ಖುಷಿಯಾಯಿತು. ನನ್ನ ತಲೆ ಸವರಿ ಬೆರಳು ಮುರಿದು ದೃಷ್ಟಿ ತೆಗೆದರು. ಆಮೇಲೆ ಹಣ್ಣನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು.

"ಹಂಗಾರ ನಾಳಿಂದ ಬರೂದಿಲ್ಲೇನು?"

ಎಷ್ಟೋ ಗಿರಾಕಿಗಳ ಮನಸ್ಸು ಓದಿದ್ದೇನೆಂದು ಬೀಗುವವಳು ನಾನು. ಅವರಿಗೂ ಈ ವ್ಯಾಪಾರದಲ್ಲಿ ನಡಿಗೆಗಿಂತ ಹೆಚ್ಚಿನದೇನೋ ಬೇಕಾಗಿತ್ತೆಂದು ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

"ಬರ್ತೇನ್ರಿ. ನೀವು ಬ್ಯಾಡಂದ್ರೂ ಬರ್ತೇನಿ" ಎಂದೆ.

ಚಳಿಗಾಲವೆಲ್ಲ ಬಂದರು. ಸೇತುವೆಯವರೆಗೆ, ಆಮೇಲೆ ಓಣಿಯ ತುದಿಯವರೆಗೆ, ಆಮೇಲೆ ಬಾಗಿಲವರೆಗೆ. ನಾನು ಹೋಗಿ ಬಂದು ಹೊಲದಲ್ಲಿ ಕಂಡದ್ದನ್ನು ಹೇಳುತ್ತಿದ್ದೆ. ಮುಂಗಾರಿ ಮಳೆ ಬೀಳುವ ಮುಂಚೆ ಹೃದಯದ ತೊಂದರೆಯಿಂದ ಬಾಗಲಕೋಟೆಯ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಮಣ್ಣಿಗೆ ಓಣಿಯೇ ಹೋಗಿತ್ತು. ನನ್ನ ಮಗ ಎಷ್ಟೋ ದಿನ ಶಾಲೆ ಬಿಟ್ಟ ಕೂಡಲೇ ಅವರ ಮನೆಗೇ ಹೋಗಿ ಕೂಡುತ್ತಿದ್ದ. ಸೊಸೆಯಂದಿರು ಬೇಡ ಅನ್ನಲಿಲ್ಲ.

ಈಗ ಮಕ್ಕಳು ದೊಡ್ಡವರು. ಶೀಗಿ ಹುಣ್ಣಿಮೆಯ ದಿನ ಅಂಗಡಿಗೆ ಕೀಲಿ ಹಾಕುತ್ತೇನೆ, ಗಿರಾಕಿಗಳಿಗೂ ಗೊತ್ತು. ಪಕ್ಕದ ಅಂಗಡಿಗೆ ಹೊಸದಾಗಿ ಬಂದಿರುವ ಹುಡುಗಿ ಎರಡು ಸಣ್ಣ ಮಕ್ಕಳ ತಾಯಿ. ಮಧ್ಯಾಹ್ನ ಬಿಸ್ಕತ್ತು ತಿಂದು ಚಹ ಕುಡಿಯುತ್ತಾಳೆ. ಹೊತ್ತಿಗೆ ಉಣ್ಣು, ಬೆಳಗ್ಗೆ ನಡೆ, ಮಕ್ಕಳನ್ನು ಹೊಲದ ಕಡೆ ಕರೆದುಕೊಂಡು ಹೋಗು ಎಂದು ಎಲ್ಲ ಹೇಳಿದ್ದೇನೆ. "ಸೀಜನ್ ಮುಗೀಲಿ ಅಕ್ಕಾರ" ಅನ್ನುತ್ತಾಳೆ. ನಾನು ಹೇಳಿ ಬಂದು ನನ್ನ ಅಂಗಡಿಯಲ್ಲಿ ಕೂಡುತ್ತೇನೆ. ಖಾಲಾ ಹೇಳಿ ಹೋಗಿ ಕೂತವರಲ್ಲ; ಊದಿದ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಬಾಗಿಲ ಮುಂದೆ ಬಂದು ನಿಲ್ಲುತ್ತಿದ್ದರು. ಅವರು ನಿಂತಿದ್ದಾರಲ್ಲ ಎಂದು ನಾನು ಏಳುತ್ತಿದ್ದೆ.

ಈಗ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಏಳುತ್ತೇನೆ. ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಬೈಯಲು ಮಾತ್ರ ಬರುವುದಿಲ್ಲ.