ಅಮ್ಮನಿಗಿಲ್ಲದ ಸೂತಕ

ನಮ್ಮ ಕಡೆ ಜರ್ಮನ್ನರ ನೆನಪಿಗೆ ಯಾವ ಕಾರ್ಯಕ್ರಮ ನಡೆದರೂ ಮೊದಲ ಫೋನು ನಮ್ಮ ಮನೆಗೇ. ಹಂಚಿನ ಕಾರ್ಖಾನೆ, ಅಚ್ಚುಕೂಟ, ಮಗ್ಗ, ಪಾದ್ರಿಗಳ ಗೋರಿ, ಯಾವುದೇ ಇರಲಿ, ದೀಪ ಹಚ್ಚಲು ಅಮ್ಮ ಬೇಕು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹುಡುಕಿದರೂ ಸಂಘಟಕರ ಕೈಗೆ ಸಿಗುವ ಜೀವಂತ ಜರ್ಮನ್ ಅವಳೊಬ್ಬಳೇ. ಆ ಪಾದ್ರಿಗಳಿಗೂ ಅವಳಿಗೂ ಇರುವ ನಂಟು ಬಸ್ರೂರಿಗೂ ಬೀದರಿಗೂ ಇರುವಷ್ಟೇ. ಅವರು ಧರ್ಮ ಹೇಳಲು ಹಡಗು ಹತ್ತಿ ಬಂದವರು. ಇವಳು ಜರ್ಮನಿಯ ಉತ್ತರದ ಬಂದರೊಂದರಲ್ಲಿ ದೋಣಿ ರಿಪೇರಿ ಮಾಡುತ್ತಿದ್ದವನ ಮಗಳು. ಮುಂಬಯಿ ನೋಡಲು ಬಂದಳು, ಅಪ್ಪ ಗಲ್ಲಾದಲ್ಲಿ ಕೂತಿದ್ದ ಹೋಟೆಲಿನಲ್ಲಿ ಉಂಡಳು, ಮರುದಿನವೂ ಅಲ್ಲೇ ಉಂಡಳು, ಕೊನೆಗೆ ಅಪ್ಪನ ಊರು ಕೋಟೇಶ್ವರಕ್ಕೆ ಬಂದು ಇಳಿದಳು. ಇದನ್ನು ಭಾಷಣದಲ್ಲಿ ‘ಎರಡು ಸಂಸ್ಕೃತಿಗಳ ಸಂಗಮ’ ಎನ್ನುತ್ತಾರೆ. ಅಪ್ಪನನ್ನು ಕೇಳಿದರೆ ಎಲ್ಲ ಸಾರಿನ ಮಹಿಮೆ ಎನ್ನುತ್ತಾನೆ.

ಅಮ್ಮ ತನ್ನ ಊರಿನಿಂದ ನಿಜವಾಗಿ ತಂದದ್ದು ಮೀನನ್ನು ವಿನಿಗರಿನಲ್ಲಿ ಈರುಳ್ಳಿ ಜೊತೆ ಹುಳಿ ಹಾಕಿಡುವ ಕೆಲಸ. ಅಲ್ಲಿಯ ಮೀನು ಇಲ್ಲಿ ಸಿಗುವುದಿಲ್ಲವಾದ್ದರಿಂದ ಬಂಗುಡೆಗೇ ಆ ಗತಿ ಬಂತು. ಮೊದಮೊದಲು ಹಸಿಮೀನು ತಿನ್ನುವ ಹೆಂಗಸು ಎಂದು ಊರೆಲ್ಲ ಸುದ್ದಿಯಾಗಿತ್ತಂತೆ. ಈಗ ಅಕ್ಕಪಕ್ಕದವರೇ ಖಾಲಿ ಬಾಟಲಿ ಹಿಡಿದು ಬರುತ್ತಾರೆ, ಖಾರ ಸಾಲದೆಂದು ತಕರಾರನ್ನೂ ಮಾಡುತ್ತಾರೆ. ಆದರೆ ಪರಂಪರೆಯ ಬಗ್ಗೆ ಮಾತಾಡುವವರು ಯಾರೂ ಈ ಬಾಟಲಿಯ ಬಗ್ಗೆ ಕೇಳಿದ್ದಿಲ್ಲ. ಅದು ಅಷ್ಟು ಹಳೆಯದಲ್ಲ, ವಾಸನೆ ಬೇರೆ.

ಇನ್ನು ನಾನು ‘ಜರ್ಮನ್ ಸಂತತಿ’. ಜರ್ಮನಿ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಕಡಲ ಕಡೆ ಕೈ ತೋರಿಸುವಷ್ಟು ಮಾತ್ರ ಗೊತ್ತು. ವೇದಿಕೆಯಲ್ಲಿ ನನ್ನ ರಕ್ತದಲ್ಲೇ ಇರುವ ಶಿಸ್ತನ್ನು ಹೊಗಳುವಾಗ ಅಪ್ಪ ತಲೆ ಬಗ್ಗಿಸಿ ಕೂರುತ್ತಾನೆ. ಜನ್ಮದಲ್ಲಿ ಒಂದು ಬಸ್ಸನ್ನೂ ಹೊತ್ತಿಗೆ ಸರಿಯಾಗಿ ಹಿಡಿದವನಲ್ಲ ನಾನು.

ಹೀಗೆ ಊರೆಲ್ಲ ಗೌರವ ಕೊಟ್ಟರೂ ಅಮ್ಮನಿಗೆ ಮನೆಯೊಳಗೆ ಒಂದು ಕೊರಗಿತ್ತು. ನಮ್ಮ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ಹತ್ತು ದಿನ ಎಲ್ಲರಿಗೂ ಸೂತಕ. ದೇವಸ್ಥಾನಕ್ಕೆ ಹೋಗುವಂತಿಲ್ಲ, ಮದುವೆ ಮುಂಜಿಗೆ ಕಾಲಿಡುವಂತಿಲ್ಲ, ದೀಪ ಹಚ್ಚುವ ಪ್ರಶ್ನೆಯೇ ಇಲ್ಲ. ಅಜ್ಜಿ ಸತ್ತಾಗ ಅಮ್ಮ ಹೊಸ ಸೊಸೆ. ಎಲ್ಲರಂತೆ ತಾನೂ ಮೂಲೆಯಲ್ಲಿ ಕೂತಳಂತೆ. ಹಿರಿಯರು ನಯವಾಗಿ ಎಬ್ಬಿಸಿದರು. ಪರದೇಶದಿಂದ ಬಂದವಳಿಗೆ ಇದೆಲ್ಲ ತಾಗುವುದಿಲ್ಲ, ಪಾಪ, ಆರಾಮಾಗಿ ಇರಲಿ ಎಂದರು. ಹಾಗಾದರೆ ದೇವರ ಕೋಣೆಯ ದೀಪ ತಾನೇ ಹಚ್ಚಲೇ ಎಂದು ಅಮ್ಮ ಕೇಳಿದ್ದಕ್ಕೆ, ಅದೂ ಬೇಡ ಎಂದರು. ಅವಳಿಗೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ.

ನಮ್ಮವರು ಬುದ್ಧಿವಂತರು ನೋಡಿ, ಈ ಸೌಕರ್ಯವನ್ನು ಸುಮ್ಮನೆ ಬಿಡಲಿಲ್ಲ. ಸೂತಕದ ನಡುವೆ ಯಾರದಾದರೂ ಮದುವೆ ಬಂದರೆ ಕುಟುಂಬದ ಪರವಾಗಿ ಅಮ್ಮನನ್ನೇ ಕಳುಹಿಸತೊಡಗಿದರು. ನಾವೆಲ್ಲ ಮನೆಯಲ್ಲಿ ಸಪ್ಪೆ ಉಣ್ಣುತ್ತಿದ್ದರೆ ಅವಳು ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತುತ್ತಿದ್ದಳು. ವಾಪಸು ಬಂದವಳು ಸೀದಾ ಸೀರೆ ಮಡಚಿ ಇಡುತ್ತಿದ್ದಳು. ಹೋಳಿಗೆ ಹೇಗಿತ್ತು ಎಂದು ನಾನು ಆಸೆಯಿಂದ ಕೇಳುತ್ತಿದ್ದೆ. ಅವಳ ಸಂಕಟ ನನಗೆ ಅರ್ಥವಾದದ್ದು ಬಹಳ ತಡವಾಗಿ. ಒಮ್ಮೆ ಅಪ್ಪನ ಎದುರು ಹೇಳಿಬಿಟ್ಟಳು: “ನಿಮ್ ಮನೆಯೊಳ್ಗ್ ನಾ ಇನ್ನೂ ನೆಂಟ್ರೇ.” ಅಪ್ಪ ಪೇಪರು ತಿರುವಿದ.

ಮೊನ್ನೆ ಬ್ರಹ್ಮಾವರದಲ್ಲಿ ಜರ್ಮನ್ ಪರಂಪರೆಯ ಪ್ರದರ್ಶನವಿತ್ತು. ಹಳೆಯ ಹಂಚುಗಳು, ಗಡ್ಡದ ಪಾದ್ರಿಗಳ ಫೋಟೋಗಳು, ಉದ್ಘಾಟನೆಗೆ ಅಮ್ಮ. ಅದೇ ಬೆಳಿಗ್ಗೆ ಬೈಂದೂರಿನಲ್ಲಿ ದೊಡ್ಡಪ್ಪ ತೀರಿಕೊಂಡರು. ನಾವೆಲ್ಲ ಓಡಿದೆವು. ಅಮ್ಮ ದಾರಿಯಲ್ಲೇ ಪ್ರದರ್ಶನ ಸಮಿತಿಯ ಅಧ್ಯಕ್ಷರಿಗೆ ಫೋನು ಮಾಡಿ ಬರಲಾಗುವುದಿಲ್ಲ ಎಂದಳು. ಅವರು ನಿವೃತ್ತ ಮೇಷ್ಟ್ರು, ಸಜ್ಜನರು, ಒಮ್ಮೆ ಹಿಡಿದ ಪಟ್ಟು ಮಾತ್ರ ಬಿಡುವವರಲ್ಲ.

ಮಧ್ಯಾಹ್ನದ ಹೊತ್ತಿಗೆ ದಹನ ಮುಗಿಸಿ ಗಂಡಸರು ಮಿಂದು ಬಂದಿದ್ದೆವು. ಹೆಂಗಸರು ಒಬ್ಬೊಬ್ಬರಾಗಿ ಬಾವಿಕಟ್ಟೆಗೆ ಹೋಗುತ್ತಿದ್ದರು. ಅಮ್ಮ ಹಿಡಿಸೂಡಿ ಹಿಡಿದು ಅಂಗಳ ಗುಡಿಸುತ್ತಿದ್ದಳು. ಗೇಟಿನ ಎದುರು ಕಾರು ನಿಂತಿತು. ಅಧ್ಯಕ್ಷರು ಇಳಿದರು, ಆದರೆ ಒಳಗೆ ಬರಲಿಲ್ಲ. ಶುಭಕಾರ್ಯಕ್ಕೆ ಹೋಗುವವರು ಸಾವಿನ ಮನೆಯ ಅಂಗಳ ತುಳಿಯಬಾರದಲ್ಲ! ಹೊರಗಿನಿಂದಲೇ ಕೈ ಮುಗಿದು ದುಃಖ ಹೇಳಿ, ಅಮ್ಮನನ್ನು ಗೇಟಿನ ಹತ್ತಿರ ಕರೆಸಿಕೊಂಡರು. ಸಂಜೆಗೆ ಸಭೆ ಇದೆ, ವೇದಿಕೆಯಲ್ಲಿ ಒಂದರ್ಧ ಗಂಟೆ ಇದ್ದರೆ ಸಾಕು ಎಂದರು. ಆಮೇಲೆ ನಮ್ಮ ಕಡೆ ತಿರುಗಿ, “ಮೇಡಮ್ಮಿಗೆ ಸೂತಕ ಎಲ್ಲ ಇಲ್ಲ ಅಲ್ದಾ? ಅವ್ರ್ ಜರ್ಮನಿಯವ್ರ್,” ಎಂದರು.

ಅಲ್ಲ ಎನ್ನುವುದೆಂತ? ಅವರು ಹೇಳಿದ್ದು ನಮ್ಮದೇ ಕಾನೂನು. ನನಗೆ ಸಿಟ್ಟು ಬಂದದ್ದು ನಿಜ, ಆದರೆ ಯಾರ ಮೇಲೆ ಎಂದು ತೋಚದೆ ನಿಂತೆ. ಅಪ್ಪ ಚಪ್ಪಲಿ ನೋಡುತ್ತಿದ್ದ.

ಅಮ್ಮ ಹಿಡಿಸೂಡಿ ಕೆಳಗಿಟ್ಟಳು. ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ ದೊಡ್ಡಮ್ಮನತ್ತ ತಿರುಗಿದಳು. ಗಂಡನನ್ನು ಕಳೆದುಕೊಂಡು ಇನ್ನೂ ಒಂದು ದಿನವಾಗದ ಹೆಂಗಸು. ಅವರಿಬ್ಬರ ನಡುವೆ ಅಷ್ಟಕ್ಕಷ್ಟೆ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ.

“ಅಕ್ಕ, ನೀವೇ ಹೇಳಿ. ನಂಗ್ ಸೂತಕ ಇತ್ತಾ, ಇಲ್ಯಾ?”

ದೊಡ್ಡಮ್ಮ ಇಲ್ಲ ಎಂದುಬಿಟ್ಟರೆ ಅವಳು ಆ ಕಾರು ಹತ್ತಿ ಹೋಗುತ್ತಿದ್ದಳು, ಆಮೇಲೆ ಈ ಮನೆಗೆ ಮತ್ತೆ ಬರುತ್ತಿರಲಿಲ್ಲ ಎಂದು ನನಗೆ ಆ ಕ್ಷಣ ಖಚಿತವಾಗಿತ್ತು.

ದೊಡ್ಡಮ್ಮ ಕಣ್ಣು ಒರೆಸಿಕೊಂಡು ಅವಳನ್ನು ನೋಡಿದರು, ಗೇಟಿನಾಚೆ ಅಧ್ಯಕ್ಷರ ಇಸ್ತ್ರಿ ಶರ್ಟನ್ನು ನೋಡಿದರು.

“ನೀ ಮಿಂದ್ಯಾ?”

“ಇಲ್ಲ.”

“ಹಂಗಾರೆ ಆಚಿಗ್ ನಿಲ್ಲ್. ಅವ್ರ್ ದೀಪ ಹಚ್ಚುಕ್ ಹೋಪ್ ಜನ, ಮೈ ತಾಗ್ಸ್‌ಬೇಡ.”

ಅಧ್ಯಕ್ಷರು ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ಕಾರಿನ ಬಾಗಿಲಿಗೆ ತಾಗಿ ನಿಂತರು. ಅಮ್ಮ ವೇದಿಕೆಗಳಲ್ಲಿ ಎಷ್ಟೋ ಹಾರ ಹಾಕಿಸಿಕೊಂಡಿದ್ದಾಳೆ, ಶಾಲು ಹೊದ್ದಿದ್ದಾಳೆ. ಈ ಊರಿನ ಒಬ್ಬ ಮನುಷ್ಯ ಅವಳಿಂದ ಮೈಲಿಗೆಯಾದೀತೆಂದು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾ ಬಾವಿಕಟ್ಟೆಗೆ ಹೋಗಿ, ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಳು. ದೊಡ್ಡಪ್ಪನ ಮೇಲೆ ಇವಳಿಗೆ ಇಷ್ಟು ಜೀವ ಇತ್ತಾ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಸಾಲಿನವರು ಅವಳಿಗೂ ಜಾಗ ಮಾಡಿಕೊಟ್ಟರು.