ಕಿರುಬಂಡಿಯೂ ಬಾಣಂತಿಯ ಹಂಡೆಯೂ

ಮಿತ್ರರೇ, ನಮ್ಮ ಮನೆಯ ಹೊಸ ವಾಹನ ಅಂಕೋಲೆಯ ಯಾವ ಓಣಿಯಲ್ಲೂ ಸಲೀಸಾಗಿ ತಿರುಗುವಷ್ಟು ಪುಟ್ಟದು. 'ಕಾರು' ಎಂದರೆ ಕನ್ನಡದಲ್ಲಿ ವಾಂತಿ ಮಾಡು ಎಂದೂ ಅರ್ಥವಿರುವುದರಿಂದ ನಾನು ಅದನ್ನು 'ಕಿರುಬಂಡಿ' ಎನ್ನುತ್ತೇನೆ.

ಇಂದು ಬೆಳಿಗ್ಗೆ ಓಣಿಯ ತುದಿಯ ಸುಮಿತ್ರಕ್ಕ ದೂರವಾಣಿಯಲ್ಲಿ ಕರೆದರು. ಮಡಗಾಂವದಲ್ಲಿ ಮಗಳು ಹೆತ್ತಿದ್ದಾಳೆ, ಹತ್ತು ಗಂಟೆಯ ರೈಲು ಹಿಡಿಯಬೇಕು, ರಿಕ್ಷಾ ಸಿಗುತ್ತಿಲ್ಲ.

"ಚಿಂತೆ ಬೇಡ, ಕಿರುಬಂಡಿ ತರುತ್ತೇವೆ" ಎಂದೆ. ಚಾಲನೆ ನನ್ನ ಸೊಸೆಯದು. ನಾನು ಪಕ್ಕದಲ್ಲಿ ಕುಳಿತು ಹೋದೆ.

ಅವರ ಅಂಗಳದಲ್ಲಿ ತಾಮ್ರದ ಹಂಡೆ, ಅಕ್ಕಿಮೂಟೆ, ಸುತ್ತಿ ಕಟ್ಟಿದ ಹಾಸಿಗೆ, ತೆಂಗಿನಕಾಯಿಯ ಚೀಲ.

"ಅಲ್ರಾ ಮಾಸ್ತರೇ, ಬಂಡಿ ಅಂದ್ರಲ್ರಾ? ನಾ ಕೈಗಾಡಿ ಅಂದ್ಕಂಡೆ. ಸಾಮಾನು ಅದ್ರ ಮೇಲೆ, ನಾ ಹಿಂದೆ ನಡ್ಕಂಡು ಬರೂದು ಹೇಳಿ ಎಲ್ಲಾ ಕಟ್ಟಿಟ್ಟೆ."

"ಕಿರುಬಂಡಿ ಎಂದರೆ..." ಎಂದು ಆರಂಭಿಸಿದೆ.

"ಮಾವಾ, ಅರ್ಥ ಆಮೇಲೆ ಹೇಳಿ, ರೈಲು ಹೋಗ್ತದೆ" ಎಂದಳು ಸೊಸೆ.

"ಹಂಡೆಯನ್ನಾದರೂ ಬಿಟ್ಟು ಹೋಗಬಹುದಲ್ಲ?" ಎಂದೆ.

"ಬಾಣಂತಿ ನೀರು ಎಂತದ್ರಲ್ಲಿ ಕಾಸೂದು? ನಿಮ್ಮ ಶಬ್ದಕೋಶದಲ್ಲಾ?" ಎಂದರು ಸುಮಿತ್ರಕ್ಕ.

ಮೂಟೆ ಮತ್ತು ಹಾಸಿಗೆ ಹಿಂದಿನ ಆಸನವನ್ನು ಏರಿದವು. ಅವುಗಳ ನಡುವೆ ಸುಮಿತ್ರಕ್ಕ ಹೇಗೋ ಸೇರಿಕೊಂಡರು. ತೆಂಗಿನಕಾಯಿ ತುಂಬಿದ ಹಂಡೆಗೆ ಉಳಿದದ್ದು ನನ್ನ ಆಸನ ಮಾತ್ರ. ನಾನು ಇಳಿದೆ. ಸೊಸೆ ಹಂಡೆಗೆ ಸೀಟುಪಟ್ಟಿಯನ್ನೂ ಬಿಗಿದಳು.

ಅರ್ಧ ಗಂಟೆಯ ಬಳಿಕ ನಿಲ್ದಾಣದಿಂದ ಕರೆ ಬಂತು: "ಗಾಡಿ ಸಿಕ್ತು ಮಾಸ್ತರೇ."

ರೈಲಿಗೆ ಗಾಡಿ ಎನ್ನಬಾರದೆಂದು ಸುಮಿತ್ರಕ್ಕನಿಗೆ ಹಲವು ಸಲ ತಿಳಿಸಿದ್ದೇನೆ. ಆದರೆ ಇಂದು ನಡೆದು ಮನೆ ಸೇರಿದ್ದ ನಾನು, "ಬಹಳ ಒಳ್ಳೆಯದಾಯಿತು" ಎಂದಷ್ಟೇ ಹೇಳಿದೆ.