ತೌಹೀದನ ಹಾರ್ನು

ಪಕ್ಕದಂಗಡಿ ಮಹಬೂಬ್ ಸಾಬ್ರು ಹುಚ್ಚ ಅಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ. ಸ್ಕ್ರೂಡ್ರೈವರ್ ಹಿಡ್ಕೊಂಡು ಲಾರಿಗೆ ಅಡ್ಡ ನಿಂತ್ಕೋತಾರೆ, ಡ್ರೈವರ್‌ಗಳ ಕಾಲು ಹಿಡೀತಾರೆ ಅಂತ ನಮ್ಮ ನೆಲಮಂಗಲದ ಸರ್ವಿಸ್ ರೋಡಲ್ಲಿ ಓಡಾಡೋರೆಲ್ಲ ಅವರಿಗೆ ಹುಚ್ಚ ಅಂತ ಹೆಸರಿಟ್ಟವ್ರೆ. ನನ್ನ ಹೋಟ್ಲಲ್ಲೇ ಕೂತು, ನನ್ನ ಮುದ್ದೆ ನುಂಗ್ತಾ ಹಂಗಂದೋರ ತಟ್ಟೆ ಕಿತ್ಕೊಂಡು ಆಚೆಗಟ್ಟಿದೀನಿ. ಅನುಸೂಯಮ್ಮಂಗೆ ಕೋಪ ಮೂಗಿನ ತುದೀಲೇ ಅಂತಾರೆ. ಹೌದು, ಅಲ್ಲೇ ಐತೆ. ಏನಿವಾಗ?

ಸಾಬ್ರದ್ದು ಲಾರಿ ವೈರಿಂಗ್ ಅಂಗಡಿ. ಲೈಟು, ಇಂಡಿಕೇಟರು, ಬ್ಯಾಟ್ರಿ ಎಲ್ಲಾ ಮಾಡ್ತಾರೆ. ಆದ್ರೆ ಅವರ ಪ್ರಾಣ ಇದ್ದದ್ದು ಹಾರ್ನಲ್ಲಿ. ಏರ್ ಹಾರ್ನು ನೋಡಿರ್ತೀರಲ್ಲ, ಉದ್ದುದ್ದ ತುತ್ತೂರಿ, ಹಿಂದಗಡೆ ಗಾಳಿ ಪೈಪು? ಅಂಥವನ್ನ ಆರೇಳು ಸಾಲಾಗಿ ಕೂರಿಸಿ, ಯಾವ ತುತ್ತೂರಿ ಯಾವಾಗ ಊದಬೇಕು ಅನ್ನೋದಕ್ಕೆ ಸೋಪಿನ ಡಬ್ಬಿಯಷ್ಟು ಒಂದು ಡಬ್ಬಿ ತಾವೇ ಬೆಸುಗೆ ಹಾಕಿ ಮಾಡೋರು. ಅಂಗಡೀಲಿ ಸಿಗೋ ಹಾರ್ನು ಎಲ್ಲಾ ಲಾರಿಗೂ ಒಂದೇ ರಾಗ ಬಡ್ಕೊಳ್ಳುತ್ತೆ. ಸಾಬ್ರದ್ದು ಹಂಗಲ್ಲ. ಡ್ರೈವರನ್ನ ಎದುರಿಗೆ ಕೂರಿಸ್ಕೊಂಡು, "ಮನೇಲಿ ಯಾರವ್ರಪ್ಪಾ? ನಿನ್ನ ಹೆಂಗೆ ಕರೀತಾರೆ?" ಅಂತ ಕೇಳಿ, ಅವನಿಗೇ ಅಂತ ಒಂದು ಕಟ್ಟೋರು. ಒಬ್ಬನಿಗೆ ಕಟ್ಟಿದ್ದನ್ನ ಇನ್ನೊಬ್ಬನಿಗೆ ಕಟ್ತಿರ್ಲಿಲ್ಲ, ಎಷ್ಟು ಗೋಗರೆದ್ರೂ ಸರಿ.

ಯಾಕೆ ಅಂತೀರಾ? ಡ್ರೈವರು ಬೈಪಾಸಲ್ಲೇ ಒಂದ್ಸಲ ಊದಿದ್ರೆ ಅವನ ಮನೇಲಿ ಒಲೆ ಹತ್ತೋದು. ನಮ್ಮೋನು ಬಂದ ಅಂತ. ಕೈಲಿ ಫೋನಿದ್ರೂ ಈ ಕಡೆ ಹೆಂಗಸರಿಗೆ ಹಾರ್ನೇ ಕೇಳ್ಬೇಕು. ಫೋನಲ್ಲಿ ಸುಳ್ಳು ಹೇಳ್ಬಹುದು ನೋಡಿ, ಇನ್ನೂ ಸಿರಾದಲ್ಲಿ ಕೂತ್ಕೊಂಡು ಬಂದೇಬಿಟ್ಟೆ ಅನ್ನಬಹುದು. ಹಾರ್ನು ಹಂಗೆ ಮಾಡಲ್ಲ.

ಮಗ ತೌಹೀದನ ಲಾರಿಗೆ ಕಟ್ಟಿದ್ದನ್ನಂತೂ ಏನು ಹೇಳ್ಲಿ. ಆ ಹುಡುಗ ಸ್ಕೂಲಿಂದ ಓಡ್ಕೊಂಡು ಬರೋನು. ಮೂಲೆ ತಿರುಗ್ತಿದ್ದಂಗೇ "ಅಮ್ಮೀ, ಅಮ್ಮೀ..." ಅಂತ ಕೂಗಿ, ಉಸಿರು ಸಾಲದೆ ಒಂದು ಗಳಿಗೆ ನಿಂತು, ಆಮೇಲೆ "ಖಾನಾ!" ಅನ್ನೋನು. ಅಮ್ಮಾ, ಅಮ್ಮಾ, ಊಟ ಅಂತ. ಅವನು ದೊಡ್ಡೋನಾಗಿ ಸ್ವಂತ ಲಾರಿ ತಗೊಂಡಾಗ ಸಾಬ್ರು ಆ ಕೂಗನ್ನೇ ತುತ್ತೂರಿಗೆ ಇಳಿಸಿದ್ರು. ಆ ನಿಂತ ಉಸಿರನ್ನೂ ಬಿಡ್ಲಿಲ್ಲ ಕಣ್ರೀ. ಕೇಳಿದ್ರೆ ಹಾರ್ನು ಅನ್ನಲ್ಲ, ಹುಡುಗನೇ ಕೂಗ್ತಾವ್ನೆ ಅಂತೀರ. ಅವನು ಫ್ಲೈಓವರ್ ಇಳೀತಾ ಊದಿದ್ರೆ, ಅಂಗಡಿ ಹಿಂದಿನ ಮನೆಯಿಂದ ಅವನ ತಾಯಿ ಹಬೀಬುನ್ನೀಸಾ ಸೆರಗು ತಲೆ ಮೇಲೆ ಎಳ್ಕೊಂಡು ಬಾಗ್ಲಿಗೆ ಬರೋಳು.

"ಕೇಳಿಸ್ತೇನೇ ಅನುಸೂಯಾ?"

"ಇಡೀ ತಾಲೂಕಿಗೇ ಕೇಳಿಸ್ತು ಕಣೇ, ನನಗೆ ಕೇಳ್ಸಲ್ವಾ? ಹೋಗು, ಅನ್ನ ಇಡು."

ಆ ಕಾಲದಲ್ಲೇ ಸಿಟಿಯಿಂದ ಹರ್ಷಿತ ಅಂತ ಒಂದು ಹುಡುಗಿ ಸಾಬ್ರನ್ನ ಹುಡುಕ್ಕೊಂಡು ಬಂದ್ಲು. ತಲೆ ಒಂದ್ಕಡೆ ಬೋಳು, ಇನ್ನೊಂದ್ಕಡೆ ಭುಜದ ತನಕ ಕೂದಲು. ಅರ್ಧಕ್ಕೇ ಕ್ಷೌರದೋನು ಎದ್ದೋದ್ನೇನಮ್ಮಾ ಅಂದೆ. ನಕ್ಕುಬಿಟ್ಲು. ಕಂಪ್ಯೂಟರ್ ಕೆಲಸದೋಳು. ರಜಾ ದಿನ ಅವಳೂ ಅವಳ ಸ್ನೇಹಿತರೂ ಕೆಟ್ಟ ಪ್ರಿಂಟರು, ಹಳೇ ಕಂಪ್ಯೂಟರಿನ ಡ್ರೈವು, ಮಕ್ಕಳ ಆಟದ ಕೀಬೋರ್ಡು ಇಂಥವನ್ನೆಲ್ಲ ಬಿಚ್ಚಿ, ವೈರು ಅತ್ತಿತ್ತ ಮಾಡಿ ಸಂಗೀತ ನುಡಿಸ್ತಾರಂತೆ. ಹೊರಗಡೆ ಬೋರ್ಡಿಲ್ಲ, ಜಾಹೀರಾತಿಲ್ಲ, ಗೊತ್ತಿದ್ದೋರು ಗೊತ್ತಿದ್ದೋರಿಗೆ ಹೇಳಿ ಸೇರೋದು. ಸಾಬ್ರ ಹಾರ್ನು ರೆಕಾರ್ಡ್ ಮಾಡ್ಕೊಂಡು, ನೀವೇ ಬಂದು ನುಡಿಸ್ಬೇಕು ಅಂತ ಗಂಟುಬಿದ್ಲು.

ಒಂದು ಭಾನುವಾರ ಮಧ್ಯಾಹ್ನ ಸಾಬ್ರು, ಹಬೀಬುನ್ನೀಸಾ, ನಾನು ಮೂರೂ ಜನ ಹೋದ್ವಿ. ಯಾವುದೋ ಸೈಕಲ್ ಗೋಡೌನ್ ಕೆಳಗಿನ ನೆಲಮಾಳಿಗೆ. ಹುಡುಗರೆಲ್ಲ ಬರೀ ನೆಲದ ಮೇಲೆ ಕಣ್ಣು ಮುಚ್ಕೊಂಡು ಕೂತವ್ರೆ, ಎದುರಿಗೆ ಪ್ರಿಂಟರು ಕರಕರ ಅಂತೈತೆ. "ನಮ್ಮನೆ ಗ್ರೈಂಡರ್ ಇದಕ್ಕಿಂತ ವಾಸಿ" ಅಂತ ಹಬೀಬುನ್ನೀಸಾ ಕಿವೀಲಿ ಅಂದೆ. ಅವಳು ಸೆರಗು ಬಾಯಿಗೆ ತುರುಕ್ಕೊಂಡು ನಕ್ಕಳು. ಆಮೇಲೆ ಸಾಬ್ರು ಗಾಳಿ ಸಿಲಿಂಡರ್ ತಿರುಗಿಸಿ ಹಾರ್ನು ಶುರು ಮಾಡಿದ್ರು ನೋಡಿ, ಗೋಡೆ ನಡುಗ್ತು, ಹುಡುಗರು ಎದ್ದು ಕುಣಿದ್ರು. ಕೊನೇಲಿ ತೌಹೀದನ ಕೂಗು. ಊದಿದ್ದು ಒಂದೇ ಸಲ. ಅರ್ಥ ಗೊತ್ತಿಲ್ದೆ ಇದ್ರೂ ಕುಣೀತಿದ್ದೋರೆಲ್ಲ ನಿಂತು ಬಾಗ್ಲ ಕಡೆ ತಿರುಗಿ ನೋಡಿದ್ರು. ಅವತ್ತು ಸಾಬ್ರ ಮುಖದಲ್ಲಿದ್ದ ಖುಷಿ ಮತ್ತೆ ನಾನು ನೋಡಿಲ್ಲ.

ಯಾಕಂದ್ರೆ ಆಮೇಲೆ ಆ ಜಗಳ ಆಯ್ತು. ಮ್ಯೂಸಿಕ್ ಹಾರ್ನು ಕಾನೂನಿಗೆ ವಿರುದ್ಧ ಅಂತ ಪೊಲೀಸ್ನೋರು ದಾರಿಯುದ್ದಕ್ಕೂ ತೌಹೀದನ್ನ ನಿಲ್ಲಿಸಿ ನಿಲ್ಲಿಸಿ ದಂಡ ಹಾಕ್ತಿದ್ರು. ಅವನು ರೋಸಿಹೋಗಿ ಬಂದು, ನನ್ನ ಹೋಟ್ಲು ಮುಂದೇನೇ ಅಪ್ಪಂಗೆ, "ಅಬ್ಬಾ, ಇದನ್ನ ಬಿಚ್ಚಿಹಾಕು. ನಿನ್ನ ಪೀಪಿ ಹೊತ್ಕೊಂಡು ತಿರುಗಿ ಸಾಕಾಗೋಗಿದೆ" ಅಂದ. ಪೀಪಿ ಅಂದುಬಿಟ್ಟ. ಸಾಬ್ರು ಎಲ್ಲರೆದುರಿಗೆ ಕಪಾಳಕ್ಕೆ ಹೊಡೆದ್ರು. ಮೀಸೆ ಬಂದ ಮಗನಿಗೆ ಹೊಡಿತಾರೇನ್ರೀ? "ನನ್ನ ಹಾರ್ನು ಬೇಡ ಅಂದ್ರೆ ಈ ಬಾಗ್ಲಿಗೂ ಬರಬೇಡ" ಅಂದ್ರು. ಹುಡುಗ ಕೆನ್ನೆ ಹಿಡ್ಕೊಂಡು ಲಾರಿ ಹತ್ತಿದ. ಅಸ್ಸಾಮಿಗೆ ಲೋಡು ತಗೊಂಡು ಹೋದೋನು ವಾಪಸ್ ಬರ್ಲಿಲ್ಲ. ಫೋನು ಸ್ವಿಚ್ ಆಫ್.

ಪೊಲೀಸಿಗೆ ಕಂಪ್ಲೇಂಟ್ ಕೊಟ್ಟಾಯ್ತು. ಸಾಬ್ರು ತಾವೇ ಗುವಾಹಟಿ ತನಕ ಹೋಗಿ ಬಂದ್ರು. ಲೋಡು ಇಳಿಸಿದಾನೆ, ಆಮೇಲೆ ಗೊತ್ತಿಲ್ಲ, ಅಷ್ಟೇ. ಹಬೀಬುನ್ನೀಸಾ ಒಂದೇ ಮಾತು ಹೇಳ್ತಿದ್ಲು. "ಬಾಯಿಂದ ಬಂದೆ ಅನ್ನಲ್ಲ ಅವನು, ರೋಷ. ಬಂದ್ರೆ ಹಾರ್ನು ಊದ್ತಾನೆ. ನಾನು ಎದ್ದು ಹೋದ್ರೆ ಇಳೀತಾನೆ." ಅಡಿಗೆ ಮನೆ ಕಿಟಕಿ ಮುಚ್ಚೋದನ್ನೇ ಬಿಟ್ಬಿಟ್ಲು, ಎಲ್ಲಿ ಕೇಳಿಸ್ದೆ ಹೋಗುತ್ತೋ ಅಂತ. ತಟ್ಟೇಲಿ ಹಾಕಿದ ಅನ್ನ ತಟ್ಟೇಲೇ ಒಣಗೋದು. ಎಂಥಾ ಹೆಂಗಸು, ಕಡ್ಡಿ ಆಗೋದ್ಲು.

ಆ ಸಂಕಟ ನೋಡ್ಲಾರದೆ ಸಾಬ್ರು ತಮ್ಮ ನೇಮ ಮುರಿದ್ರು. ತೌಹೀದನ ಕೂಗನ್ನ ಉತ್ತರದ ಕಡೆ ಹೋಗೋ ಲಾರಿಗಳಿಗೆಲ್ಲ ಪುಕ್ಕಟೆ ಕಟ್ಟೋಕೆ ಶುರು ಮಾಡಿದ್ರು. "ಎಲ್ಲೋ ಒಂದು ಢಾಬಾದಲ್ಲಿ ಕೂತಿರ್ತಾನೆ ಅಕ್ಕಾ. ಪಕ್ಕದಲ್ಲಿ ಇದು ಕೇಳಿಸುತ್ತೆ. ಅಮ್ಮೀ, ಅಮ್ಮೀ, ಖಾನಾ. ಕಲ್ಲಾಗಿದ್ರೂ ಕರಗ್ತಾನೆ. ಅಪ್ಪ ಸೋತ ಅಂತ ಗೊತ್ತಾಗುತ್ತೆ ಅವನಿಗೆ" ಅಂದ್ರು. ಹರ್ಷಿತಂಗೂ ಫೋನ್ ಮಾಡಿ, "ನಿಮ್ಮ ಇಂಟರ್ನೆಟ್ಟಲ್ಲಿ ಬಿಡಮ್ಮಾ, ಯಾರು ಬೇಕಾದ್ರೂ ತಗೊಳ್ಲಿ" ಅಂದ್ರು.

ಆ ಮಗು ಅಳ್ತಾ ಅಳ್ತಾನೇ ಬಿಟ್ಲು. ಅವಳ ಸ್ನೇಹಿತರು ಪ್ರಿಂಟರಲ್ಲಿ ಅದನ್ನೇ ನುಡಿಸಿದ್ರು. ಯಾವನೋ ವಾಷಿಂಗ್ ಮಷಿನ್ ಬಟನ್ನಲ್ಲಿ ನುಡಿಸ್ದ, ಇನ್ಯಾವನೋ ಹಳೇ ಫೋನು ಇಪ್ಪತ್ತು ಜೋಡಿಸ್ಕೊಂಡು ನುಡಿಸ್ದ. ಅಲ್ಲಿಂದ ರೀಲ್ಸಿಗೆ ಬಂತು, ಕುಣಿದ್ರು. ಬೇರೆ ಊರಿನ ಹಾರ್ನು ಅಂಗಡಿಯೋರು ಅದನ್ನ ಕದ್ದು ಡಬ್ಬಿ ಮಾಡಿ ಮಾರಿದ್ರು. ಬೆಂಕಿ ಹತ್ಕೊಂಡಂಗೆ ಹತ್ಕೊಳ್ತು. ಸಾಬ್ರು ದಿನಾ ಸಂಜೆ ಫೋನಲ್ಲಿ ಎಷ್ಟು ಜನ ನೋಡಿದ್ರು ಅಂತ ಹಬೀಬುನ್ನೀಸಾಗೆ ತೋರಿಸೋರು. ಇಷ್ಟು ಜನದಲ್ಲಿ ಅವನೊಬ್ಬ ಇರಲ್ವಾ ಅನ್ನೋರು.

ಊರ ಮೇಲೆ ಬಿಟ್ಟ ಕೂಗು ತಿರುಗಿ ನಮ್ಮ ಬಾಗ್ಲಿಗೇ ಬರುತ್ತೆ ಅಂತ ಯಾರಿಗೂ ಹೊಳೀಲಿಲ್ಲ.

ಮೊದಲ ಸಲ ಬಂದಾಗ ಹಬೀಬುನ್ನೀಸಾ ಹಿಟ್ಟಿನ ಕೈಲೇ ಓಡಿಬಂದ್ಲು. ಚಪ್ಪಲಿ ಇಲ್ಲ, ಏನಿಲ್ಲ. "ಬೇಟಾ! ಬೇಟಾ!" ಅಂತ ರೋಡಿಗೆ ನುಗ್ಗಿದ್ಲು. ಯಾವುದೋ ಹರಿಯಾಣದ ಲಾರಿ. ಡ್ರೈವರು ಮುದುಕ, ಹಲ್ಲು ಕಿರಿದ. ಎರಡನೇದೂ ಹಂಗೇ. ಆಮೇಲೆ ದಿನಕ್ಕೆ ನಾಲ್ಕು, ಹತ್ತು, ಲೆಕ್ಕವೇ ಇಲ್ಲ. ಪ್ರತಿ ಸಲ ಓಡಿಬರೋಳು, ಪ್ರತಿ ಸಲ ಬಾಗಿಲ ಚೌಕಟ್ಟು ಹಿಡ್ಕೊಂಡು ಕುಸಿಯೋಳು. ಒಂದಿನ ಚರಂಡಿ ಹತ್ರ ಬಿದ್ದು ಮೊಣಕಾಲು ಒಡ್ಕೊಂಡ್ಲು. ನಾನು ಸಾಬ್ರಿಗೆ ಉಗಿದು ಉಪ್ಪಿನಕಾಯಿ ಹಾಕ್ದೆ. "ಹೆತ್ತ ತಾಯೀನ ದಿನಕ್ಕೆ ಹತ್ತು ಸಲ ಸಾಯಿಸ್ತಿದೀರಲ್ರೀ, ನಿಲ್ಲಿಸ್ರೀ ಇದನ್ನ!" ನಿಲ್ಲಿಸೋಕೆ ಅದು ಅವರ ಕೈಲಿ ಇದ್ರೆ ತಾನೇ? ಸ್ಕೂಟರ್ ಹುಡುಗರೂ ಅದನ್ನೇ ಊದ್ಕೊಂಡು ಹೋಗ್ತಿದ್ರು. ಕೊನೆಗೆ ಹಬೀಬುನ್ನೀಸಾ ಆ ಕಿಟಕಿ ಮುಚ್ಚಿದ್ಲು. ಕಿವಿಗೆ ಹತ್ತಿ ಇಟ್ಕೊಂಡ್ಲು. ಹತ್ತಿ ದಾಟಿ ಸಣ್ಣಗೆ ಕೇಳಿಸಿದ್ರೂ ಅವನಲ್ಲ ಅಂತ ಏಳ್ತಿರ್ಲಿಲ್ಲ. ಆಗ್ಲೇ ನಾಲ್ಕು ತುತ್ತು ಒಳಗೆ ಹೋಗಿದ್ದು ಅವಳಿಗೆ. ಸದ್ಯ, ಬದುಕ್ಕೊಂಡ್ಲು ಅಂತ ನಾನು ದೇವರಿಗೆ ಕೈ ಮುಗಿದೆ.

ಹೋದ ಚೈತ್ರದಲ್ಲಿ, ಊಟದ ಹೊತ್ತು. ಹೋಟ್ಲು ತುಂಬ ಜನ. ನಾನು ಒಳಗೆ ಮುದ್ದೆ ತಿರುವ್ತಿದ್ದೆ. ಸಾಬ್ರು ಅಂಗಡಿ ಮುಂದೆ ಒಂದು ಟಿಪ್ಪರ್ ಕೆಳಗೆ ಮಲ್ಕೊಂಡು ವೈರು ಎಳೀತಿದ್ರು, ಕಾಲು ಮಾತ್ರ ಆಚೆ. ಹಾರ್ನು ಕೇಳಿಸ್ತು. ಅಮ್ಮೀ, ಅಮ್ಮೀ, ಖಾನಾ. ಯಾರೂ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದ್ಸಲ. ಊಟಕ್ಕೆ ಕೂತಿದ್ದ ಯಾವನೋ, "ಇವನಮ್ಮನ್, ಕಿವಿ ತೂತು ಮಾಡ್ತಾನೆ" ಅಂದ. ಆಮೇಲೆ ಲಾರಿ ಹೊರಟ ಸದ್ದು.

ಹೆದ್ದಾರಿ ಆಚೆ ಬದೀಲಿ ಪಂಕ್ಚರ್ ಅಂಗಡಿ ಕೆಂಪರಾಜ್ ಅವ್ನೆ. ತೌಹೀದನ ಜತೆ ಓದಿದೋನು. ಅವನು ಡಿವೈಡರ್ ಹಾರ್ಕೊಂಡು, ಗಾಡಿಗಳ ಮಧ್ಯೆ ಪ್ರಾಣದ ಹಂಗು ಬಿಟ್ಟು ಓಡಿ ಬಂದ. ಏದುಸಿರು ಬಿಡ್ತಾನೇ ಅಂದ.

"ತೌಹೀದ... ಅವನೇ ಕಣಮ್ಮಾ! ಲಾರಿ ಹಣೆ ಮೇಲೆ 'ಅಮ್ಮೀ ಕೀ ದುವಾ' ಅಂತ ನಾನೇ ಬರೆದ ಹಸಿರು ಅಕ್ಷರ. ಗಡ್ಡ ಬಿಟ್ಟವ್ನೆ. ಕಿಟಕಿಯಿಂದ ಅರ್ಧ ಆಚೆ ಬಗ್ಗಿ ಮನೆ ಬಾಗ್ಲೇ ನೋಡ್ತಿದ್ದ. ನಾನು ಎಷ್ಟು ಕೂಗಿದ್ರೂ ಈ ಗಾಡಿ ಸದ್ದಲ್ಲಿ... ಅಬ್ಬಾನ ಕಾಲು ಕಾಣ್ತಿತ್ತು ಅವನಿಗೆ. ಕಾಲು ಅಲ್ಲಾಡಲೇ ಇಲ್ಲ. ಕಣ್ಣೊರೆಸ್ಕೊಂಡು ಗೇರ್ ಹಾಕ್ಬಿಟ್ಟ."

ಸಾಬ್ರು ಟಿಪ್ಪರ್ ಕೆಳಗಿಂದ ಹೆಂಗೆ ಎದ್ರೋ, ತಲೆ ಬಡಿದು ಹಣೇಲಿ ರಕ್ತ. ತಮ್ಮ ಸ್ಕೂಟರ್ನ ಕೆಂಪರಾಜ್ ಕೈಗೆ ಕೊಟ್ಟು ಹಿಂದೆ ಕೂತ್ರು. ತುಮಕೂರು ರೋಡಲ್ಲಿ ದಾಬಸ್‌ಪೇಟೆ ತನಕ ಹೋದ್ರಂತೆ. ಮುಂದೆ ಹಾರ್ನು ಕೇಳಿಸೋದಂತೆ, ಅಮ್ಮೀ, ಅಮ್ಮೀ. "ಅದೇ, ಅದೇ, ಹೊಡಿ ಗಾಡಿ!" ಅನ್ನೋರಂತೆ. ಹತ್ರ ಹೋದ್ರೆ ಬೇರೆ ಲಾರಿ. ಅಷ್ಟರಲ್ಲಿ ಆಚೆ ಕಡೆಯಿಂದ ಇನ್ನೊಂದು ಊದೋದಂತೆ. ಅದರ ಹಿಂದೆ ಓಡಿದ್ರೆ ಅದೂ ಅಲ್ಲ. ಎಲ್ಲಾ ಸಾಬ್ರು ಕಟ್ಟಿದ ಕೂಗೇ, ಎಲ್ಲಾ ಅವರ ಮಗನ ದನಿಯೇ. ಟೋಲ್ ಹತ್ರ ರೋಡಲ್ಲೇ ಕೂತು ಎರಡೂ ಕಿವಿ ಮುಚ್ಕೊಂಡು ಕಿರುಚಿದ್ರಂತೆ. ಕೆಂಪರಾಜ್ ಎತ್ಕೊಂಡು ಬಂದ.

ಹಾರ್ನು ಬೇಡ ಅಂದೋನು ಬಿಚ್ಚಿರ್ಲಿಲ್ಲ ನೋಡಿ. ಅಷ್ಟು ದೂರ, ಅಷ್ಟು ದಂಡ ಕಟ್ಕೊಂಡು, ಇಟ್ಕೊಂಡೇ ಇದ್ದ. ಅಪ್ಪ ಬಾಗ್ಲಿಗೆ ಬರಬೇಡ ಅಂದಿದ್ದಕ್ಕೆ ಬಾಗ್ಲ ಮುಂದೆ ನಿಂತು ಮೂರು ಸಲ ಕೇಳ್ದ. ಮನೆಯೋರು ಬೇಡ ಅಂದ್ರು ಅಂತ ತಿಳ್ಕೊಂಡು ಹೋದ. ಅಯ್ಯೋ, ಒಂದು ಸಲ ಇಳಿದು ಬಾಗ್ಲು ತಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ ಮಗನೇ! ನೆನೆಸ್ಕೊಂಡ್ರೆ ಅವನ ಮೇಲೂ ಸಿಟ್ಟು ಬರುತ್ತೆ, ಅಳೂನೂ ಬರುತ್ತೆ.

ಹರ್ಷಿತ ಓಡಿ ಬಂದ್ಲು. ಇಂಟರ್ನೆಟ್ಟಿಂದ ತೆಗೆದೆ ಅಂಕಲ್ ಅಂತ ಸಾಬ್ರ ಕಾಲ ಹತ್ರ ಕೂತು ಅತ್ತಳು. ಅವಳು ತನ್ನದನ್ನ ತೆಗೆದ್ಲು. ಮಿಕ್ಕ ಸಾವಿರಾರು ಯಾರು ತೆಗೀತಾರೆ? ಅದಕ್ಕೇ ಸಾಬ್ರು ಬೆಳಗಾದ್ರೆ ಸ್ಕ್ರೂಡ್ರೈವರ್ ಹಿಡ್ಕೊಂಡು ಸರ್ವಿಸ್ ರೋಡಲ್ಲಿ ನಿಲ್ಲೋದು. "ಇದನ್ನ ಬಿಚ್ಕೊಡಪ್ಪಾ, ನಿನಗೆ ಬೇರೆ ಕಟ್ಕೊಡ್ತೀನಿ, ಇದಕ್ಕಿಂತ ಚೆನ್ನಾಗಿರೋದು ಕಟ್ಕೊಡ್ತೀನಿ" ಅಂತ. ಕೆಲವರು ಬಿಚ್ಚಿಸ್ತಾರೆ. ಕೆಲವರು ನಗ್ತಾ, ಅವರ ಮುಖಕ್ಕೇ ಒಂದ್ಸಲ ಊದಿ ಹೋಗ್ತಾರೆ.

ಹಬೀಬುನ್ನೀಸಾ ಕಿವಿಯ ಹತ್ತಿ ತೆಗೆದು ಬಿಸಾಕಿದ್ಲು. ನನ್ನ ಹೋಟ್ಲ ಕುರ್ಚಿ ಒಂದನ್ನ ರಸ್ತೆ ಅಂಚಿಗೆ ಹಾಕ್ಕೊಂಡು ಕೂರ್ತಾಳೆ. ಊಟ ಅಲ್ಲಿಗೇ ಕೊಡ್ತೀನಿ, ತಿಂದ್ರೆ ತಿಂದ್ಲು. ಹಾರ್ನು ಕೇಳಿಸಿದ್ರೆ ಸಾಕು, ಆ ಮುರುಕು ಮೊಣಕಾಲು ಊರ್ಕೊಂಡು ಎದ್ದು ನಿಂತ್ಕೋತಾಳೆ. ಇವತ್ತು ಬೆಳಿಗ್ಗೆನೂ ಹಂಗೇ. ಒಂದು ಸಿಮೆಂಟ್ ಲಾರಿ, ಡ್ರೈವರ್ ನನಗೆ ಗೊತ್ತಿರೋನೇ.

"ಕೂತ್ಕೊಳ್ಳೇ ಮಾರಾಯ್ತಿ" ಅಂದೆ. "ಅವನಲ್ಲ ಕಣೇ."

"ಗೊತ್ತು" ಅಂದ್ಲು. "ಅವತ್ತೂ ಹಂಗೇ ಅಂದ್ಕೊಂಡೆ."

ಲಾರಿ ದಾಟಿ ಹೋಗೋ ತನಕ ಕೂರ್ಲೇ ಇಲ್ಲ.